ಮುಚ್ಚದ ಬಾಗಿಲು

ಮಳೆಗಾಲ ಬಂತೆಂದರೆ ಲಕ್ಷ್ಮೇಶ್ವರದ ನಮ್ಮ ಮನೆಯ ಒಳಬಾಗಿಲುಗಳು ಹಟ ಹಿಡಿಯುತ್ತವೆ. ಕಳೆದ ಜುಲೈನಲ್ಲಿ ಮಕ್ಕಳ ಕೋಣೆಯ ಕದ ಚೌಕಟ್ಟಿಗೆ ಸಿಕ್ಕಿಕೊಂಡು ಪೂರ್ತಿ ಮುಚ್ಚದಂತಾಯಿತು. ‘ಬಿಸಿಲು ಬಿದ್ದರೆ ತಾನೇ ಸರಿಹೋಗುತ್ತದೆ’ ಎಂದು ನಾವು ಸುಮ್ಮನಿದ್ದೆವು. ಮನೆಯವರು ಎರಡು ಬಾರಿ ನೆನಪಿಸಿದರೂ ಕಿವಿಗೊಡಲಿಲ್ಲ.

ಒಂದು ಸಂಜೆ ಮಗ್ರಿಬ್ ನಮಾಝ್ ಮುಗಿಸಿ ಬಂದು ಆ ಕದವನ್ನು ತಳ್ಳಿದೆವು. ಅದು ಅಲುಗಲಿಲ್ಲ. “ಸ್ವಲ್ಪ ನಿಲ್ರಿ ಅಬ್ಬಾ, ಬಟ್ಟಿ ಬದಲಿಸಾಕತ್ತೀನಿ” ಎಂದಳು ಹನ್ನೆರಡು ದಾಟಿದ ಮಗಳು. ಎರಡು ತಿಂಗಳಿಂದ ಅವಳು ಕದಕ್ಕೆ ಕುರ್ಚಿ ಆನಿಸಿ ಬಟ್ಟೆ ಬದಲಿಸುತ್ತಿದ್ದಳು. ಒಮ್ಮೆಯೂ ದೂರಿರಲಿಲ್ಲ.

ಅಂದು ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಫಜ್ರ್‌ಗೆ ಮುನ್ನ, ಮಧ್ಯಾಹ್ನದ ವಿಶ್ರಾಂತಿಯಲ್ಲಿ, ಇಶಾ ನಂತರ ಚಿಕ್ಕ ಮಕ್ಕಳೂ ಅನುಮತಿ ಪಡೆದೇ ಒಳಬರಬೇಕೆಂದು ಸೂರಃ ಅನ್ನೂರ್‌ನ 58ನೇ ಆಯತ್ ಕಲಿಸುತ್ತದೆ. ಪ್ರಾಯಕ್ಕೆ ಬಂದ ಮಕ್ಕಳು ಹಿರಿಯರಂತೆ ಅನುಮತಿ ಕೇಳಬೇಕೆಂದು 59ನೇ ಆಯತ್ ಹೇಳುತ್ತದೆ. ಅನುಮತಿ ಕೇಳುವ ನಿಯಮ ಬಂದದ್ದೇ ಕಣ್ಣಿನ ನೋಟದ ಕಾರಣಕ್ಕೆ ಎಂದು ಪ್ರವಾದಿವರ್ಯರು(ಸ) ವಿವರಿಸಿದ್ದಾರೆ. ಇವೆಲ್ಲವನ್ನೂ ನಾವು ಮಕ್ಕಳಿಗೆ ಪಾಠ ಹೇಳಿದ್ದೆವು. ಕದ ತಟ್ಟಬೇಕೆಂದು ಹೇಳಿದ ನಾವು, ತಟ್ಟಲು ತಕ್ಕ ಕದವನ್ನೇ ಕೊಟ್ಟಿರಲಿಲ್ಲ. ಅಷ್ಟೇ ಅಲ್ಲ, ಆ ಸಂಜೆ ತಟ್ಟದೆ ತಳ್ಳಿದವರೂ ನಾವೇ.

ಮರುದಿನ ಬಡಿಗೇರರನ್ನು ಕರೆತಂದೆವು. ಅವರು ಕದವನ್ನು ಮೇಲೆತ್ತಿ ಅಲುಗಾಡಿಸಿ ನೋಡಿ, “ಕಟ್ಟಿಗಿ ತಪ್ಪಲ್ಲರೀ ಸಾಹೇಬ್ರ, ಬಿಜಾಗರಿ ಸಡ್ಲ ಆಗ್ಯಾವ” ಎಂದರು. ಮೇಲಿನ ಬಿಜಾಗರಿಯ ಸ್ಕ್ರೂಗಳು ತೂತಿನಲ್ಲಿ ಹಿಡಿತ ಕಳೆದುಕೊಂಡು ಕದ ಜೋತುಬಿದ್ದಿತ್ತು. ಅವರು ಸ್ಕ್ರೂ ಬಿಚ್ಚಿ, ತೂತಿಗೆ ಅಂಟು ಸವರಿದ ಕಟ್ಟಿಗೆಯ ಚೂರು ಬಡಿದು, ಒಣಗಿದ ಮೇಲೆ ತುಸು ಉದ್ದದ ಸ್ಕ್ರೂ ಬಿಗಿದರು. ಚೌಕಟ್ಟಿನ ಅಂಚಿಗೆ ಸೀಮೆಸುಣ್ಣ ಹಚ್ಚಿ ಕದ ಮುಚ್ಚಿ ತೆಗೆದಾಗ, ಉಜ್ಜುವ ಜಾಗದಲ್ಲಿ ಬಿಳಿ ಗುರುತು ಮೂಡಿತು. ಅಷ್ಟನ್ನೇ ತೆಳುವಾಗಿ ಕೆತ್ತಿದರು. ತೇವ ಹೀರಿದ ಕಟ್ಟಿಗೆ ಅಗಲಕ್ಕೆ ಉಬ್ಬುತ್ತದೆ. ಮಳೆಗಾಲದಲ್ಲಿ ಹೆಚ್ಚು ಕೆತ್ತಿದರೆ ಬೇಸಿಗೆಯಲ್ಲಿ ಸಂದು ಬೀಳುತ್ತದೆ. ಕೆತ್ತಿದ ಅಂಚಿಗೆ ಬಣ್ಣ ಹಚ್ಚದೆ ಬಿಟ್ಟರೆ ಅದು ಮತ್ತೆ ತೇವ ಹೀರುತ್ತದೆ. ಚಿಲಕ ಕೂರದಿದ್ದಾಗ ಚೌಕಟ್ಟಿನ ತಗಡಿನ ತೂತನ್ನು ಅರದಿಂದ ಸ್ವಲ್ಪ ಅಗಲಿಸಿದರು. ಕಿರುಗುಟ್ಟುವ ಬಿಜಾಗರಿಗೆ ಹೊಲಿಗೆ ಯಂತ್ರದ ಎಣ್ಣೆಯ ಎರಡು ಹನಿ ಸಾಕಾಯಿತು. ಅರ್ಧ ದಿನದ ಕೆಲಸ. ನಾವು ಎರಡು ತಿಂಗಳು ಮುಂದೂಡಿದ್ದು ಇಷ್ಟನ್ನೇ!

ಎಲ್ಲರ ಮನೆಯಲ್ಲೂ ಕೋಣೆಗೊಂದು ಕದವಿರದು. ಬೆಟಗೇರಿಯಲ್ಲಿ ಮಗ್ಗಕ್ಕೇ ಬಹುಪಾಲು ಜಾಗ ಬಿಟ್ಟುಕೊಟ್ಟ ಮನೆಗಳನ್ನು ನಾವು ಕಂಡಿದ್ದೇವೆ. ಅಲ್ಲಿ ಒಂದು ಪರದೆ ಮತ್ತು ಒಂದು ಸಲಾಮ್ ಅದೇ ಕೆಲಸ ಮಾಡುತ್ತವೆ. ಮನೆಯವರ ಲಜ್ಜೆಯನ್ನು ಕಾಯುವ ಮನಸ್ಸಿರಬೇಕು, ಅಷ್ಟೇ.

ಅಂದು ಸಂಜೆ ಮಗಳು ಕದ ಮುಚ್ಚಿ ಚಿಲಕ ಹಾಕಿದ ಸದ್ದು ಕೇಳಿಸಿತು. ಕುರ್ಚಿ ಮತ್ತೆ ಪಡಸಾಲೆಗೆ ಬಂದಿತ್ತು. ಈಗ ನಾವು ಆ ಕದದ ಮುಂದೆ ನಿಂತು ಸಲಾಮ್ ಹೇಳಿ, ಉತ್ತರಕ್ಕೆ ಕಾಯುತ್ತೇವೆ. ನಮ್ಮ ಮೇಲಿರುವ ಮಕ್ಕಳ ಹಕ್ಕುಗಳನ್ನು ಅವರು ಕೇಳುವ ಮೊದಲೇ ಸಲ್ಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.