ಕಲ್ಲು ಸುತ್ತಿಗೆಯ ಹೊಳೆ

ಚಿನ್ನದ ಗಣಿ ಎಂದೊಡನೆ ಕನ್ನಡಿಗರಾದ ನಮಗೆ ನೆನಪಾಗುವುದು ಕೋಲಾರ. ಅಲ್ಲಿ ಚಿನ್ನ ಬಂಡೆಯೊಳಗೆ ಅಡಗಿದ್ದಿತು. ಅದನ್ನು ಅರಸಿಕೊಂಡು ಮನುಷ್ಯ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ. 2001ರಲ್ಲಿ ಆ ಗಣಿಗಳು ಮುಚ್ಚಿದವು. ಆದರೆ ಚಿನ್ನವು ಹೊಳೆಯ ಮರಳಿನಲ್ಲಿಯೇ ಬಿದ್ದಿದ್ದ ನಾಡೊಂದು ದೂರದ ಉತ್ತರದಲ್ಲಿದೆ. ಅದೇ ಕೆನಡಾ ದೇಶದ ಯುಕಾನ್ ಪ್ರಾಂತದ ಕ್ಲಾಂಡೈಕ್. ವ್ಯಾಂಕೂವರಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಒಂದು ಜೂನ್ ತಿಂಗಳಲ್ಲಿ, ಅದನ್ನು ನೋಡಿಬರುವ ಯೋಗ ನಮಗೆ ಒದಗಿತು.

ವೈಟ್‌ಹಾರ್ಸ್ ಪಟ್ಟಣದಿಂದ ಡಾಸನ್‌ಗೆ 500 ಕಿಲೋಮೀಟರಿಗೂ ಮಿಕ್ಕ ದಾರಿ. ಮಗ ಕಾರು ನಡೆಸಿದ. ಉದ್ದಕ್ಕೂ ಸ್ಪ್ರೂಸ್ ಮರಗಳ ಕಾಡು, ನಡುನಡುವೆ ನದಿ. ಕಟ್ಟಿಕೊಂಡು ಹೋಗಿದ್ದ ಅವಲಕ್ಕಿ, ಚಟ್ನಿಪುಡಿಗಳೇ ನಮಗೆ ಆಧಾರ. ಊರು ಸೇರಿದಾಗ ರಾತ್ರಿ ಹತ್ತು ಗಂಟೆ, ಆದರೂ ಬಿಸಿಲು! “ಇಲ್ಲಿ ದೀಪ ಹಚ್ಚುವ ಹೊತ್ತು ಯಾವುದಪ್ಪಾ?” ಎಂದು ನಮ್ಮ ಮನೆಯಾಕೆ ಮಗನನ್ನು ಕೇಳಿದಳು.

ಮರುದಿನ ಊರ ಹಿಂದಿನ ಗುಡ್ಡವನ್ನು ಏರಿ ನಿಂತೆವು. ಕೆಳಗೆ ಕೆಸರುಬಣ್ಣದ ಯುಕಾನ್ ಮಹಾನದಿ. ಅದನ್ನು ಬಂದು ಕೂಡುವ ತಿಳಿನೀರಿನ ಕ್ಲಾಂಡೈಕ್. ಈ ಹೆಸರು ಹೊರಗಿನವರ ನಾಲಿಗೆಯಲ್ಲಿ ತಿರುಚಿಕೊಂಡದ್ದು. ಇಲ್ಲಿಯ ಮೂಲನಿವಾಸಿಗಳ ಮಾತಿನಲ್ಲಿ ಅದು ‘ಟ್ರಾಂಡೆಕ್’, ಅಂದರೆ ಕಲ್ಲು ಸುತ್ತಿಗೆಯ ಹೊಳೆ. ಬೇಸಿಗೆಯಲ್ಲಿ ಸಾಲ್ಮನ್ ಮೀನು ಸಮುದ್ರದಿಂದ ಹೊಳೆಯನ್ನು ಏರಿ ಬರುತ್ತದೆ. ಅದನ್ನು ತಡೆದು ಹಿಡಿಯಲು ಆ ಜನ ಕಲ್ಲಿನ ಸುತ್ತಿಗೆಯಿಂದ ಗೂಟ ಹೊಡೆದು ಹೊಳೆಗೆ ಅಡ್ಡಲಾಗಿ ಬೇಲಿ ಕಟ್ಟುತ್ತಿದ್ದರು. ಹೊಳೆಯ ಸಂಪತ್ತೆಂದರೆ ಅವರಿಗೆ ಮೀನು.

1896ರ ಆಗಸ್ಟ್ 16ರಂದು ಈ ಹೊಳೆಯ ಒಂದು ಉಪನದಿಯಲ್ಲಿ ಚಿನ್ನ ಸಿಕ್ಕಿತು. ಅಲ್ಲಿದ್ದವರು ಟ್ಯಾಗಿಶ್ ಜನಾಂಗದ ಕೇಶ್ ಮತ್ತು ಅವನ ಅಕ್ಕತಂಗಿಯರ ಪೈಕಿ ಒಬ್ಬಳಾದ ಕೇಟ್, ಅವಳ ಗಂಡ ಜಾರ್ಜ್ ಕಾರ್ಮಕ್, ಸೋದರಳಿಯ ಚಾರ್ಲಿ. ಮೊದಲು ಯಾರ ಕಣ್ಣಿಗೆ ಬಿದ್ದಿತೆಂಬುದಕ್ಕೆ ಮಾತುಗಳು ಹಲವು. ದಾಖಲೆಯಲ್ಲಿ ಮೊದಲ ಹೆಸರು ಬಿಳಿಯನಾದ ಕಾರ್ಮಕ್‌ನದು. ಆ ತೊರೆಯೇ ಬೊನಾಂಜಾ ಕ್ರೀಕ್. ಅಲ್ಲಿ ಯಾರು ಬೇಕಾದರೂ ಮರಳು ತೊಳೆದು ನೋಡಲು ಬಿಟ್ಟಿರುವ ಒಂದು ಜಾಗವುಂಟು. ನಾವೂ ತಟ್ಟೆ ಹಿಡಿದು ಕೂತೆವು. ಬಹಳ ಹೊತ್ತು ತಿರುಗಿಸಿದರೂ ಕೆಸರಲ್ಲದೆ ಬೇರೇನೂ ಕಾಣಲಿಲ್ಲ.

“ನಿಮ್ಮ ಕೈಗೆ ಇದು ಬರುವುದಲ್ಲ, ಇಲ್ಲಿ ಕೊಡಿ” ಎಂದು ಮನೆಯಾಕೆ ತಟ್ಟೆಯನ್ನು ಕಿತ್ತುಕೊಂಡು, ಅಕ್ಕಿ ಜಾಲಿಸುವಂತೆ ಜಾಲಿಸಿದಳು. ತಳದಲ್ಲಿ ನಾಲ್ಕು ಹಳದಿ ಕಿಡಿಗಳು ನಿಂತವು! ಮೂಗುಬೊಟ್ಟಿಗೂ ಸಾಲವು, ಆದರೆ ಕ್ಲಾಂಡೈಕಿನ ಭೂವಿಜ್ಞಾನವೆಲ್ಲ ಆ ತಟ್ಟೆಯಲ್ಲಿದ್ದಿತು. ಚಿನ್ನ ನೀರಿಗಿಂತ 19 ಪಟ್ಟು ಭಾರ. ಬೆಣಚುಕಲ್ಲು ಎರಡೂವರೆ ಪಟ್ಟು ಮಾತ್ರ. ಇಲ್ಲಿಯ ಬೆಟ್ಟಗಳ ಪದರಗಲ್ಲಿನಲ್ಲಿ ಬೆಣಚಿನ ಎಳೆಗಳು ಹಾಯ್ದಿವೆ, ಅವುಗಳಲ್ಲಿ ಚಿನ್ನ. ಲಕ್ಷಾಂತರ ವರ್ಷ ಮಳೆ, ಹಿಮ, ಹೊಳೆಗಳು ಆ ಕಲ್ಲನ್ನು ಸವೆಸಿದವು. ಹಗುರವಾದದ್ದು ಕೊಚ್ಚಿಹೋಯಿತು, ಚಿನ್ನ ಜಲ್ಲಿಯ ತಳಕ್ಕಿಳಿಯಿತು. ಹಿಮಯುಗದಲ್ಲಿ ಕೆನಡಾದ ಬಹುಭಾಗ ಹಿಮನದಿಗಳ ಕೆಳಗೆ ಹೂತಿದ್ದಾಗ ಈ ಸೀಮೆ ಮಾತ್ರ ಹೊರಗುಳಿಯಿತು. ಇಲ್ಲವಾದರೆ ಆ ಜಲ್ಲಿಯನ್ನೆಲ್ಲ ಹಿಮ ಉಜ್ಜಿ ಚೆಲ್ಲಾಡಿಬಿಡುತ್ತಿದ್ದಿತು.

ಹಾಗೆಂದು ಚಿನ್ನ ಸುಲಭವಾಗಿ ದಕ್ಕಲಿಲ್ಲ. ನೆಲವು ವರ್ಷವಿಡೀ ಹೆಪ್ಪುಗಟ್ಟಿದ್ದು, ಕಬ್ಬಿಣದಂತೆ ಗಡುಸು. ಚಳಿಗಾಲದಲ್ಲಿ ಸೌದೆ ಉರಿಸಿ ನೆಲ ಕರಗಿಸುವುದು, ಕರಗಿದಷ್ಟನ್ನು ಅಗೆಯುವುದು, ಮತ್ತೆ ಉರಿಸುವುದು. ಹೀಗೆ ತಳಬಂಡೆಯವರೆಗೆ ಬಾವಿ ತೋಡಿ, ವಸಂತದಲ್ಲಿ ಹೊಳೆ ಕರಗಿದ ಮೇಲೆ ಮಣ್ಣನ್ನು ತೊಳೆಯುತ್ತಿದ್ದರು.

1897ರ ಜುಲೈಯಲ್ಲಿ ಚಿನ್ನ ಹೊತ್ತ ಹಡಗುಗಳು ಸಾನ್‌ಫ್ರಾನ್ಸಿಸ್ಕೊ, ಸಿಯಾಟಲ್ ಸೇರಿದವು. ಸುಮಾರು ಒಂದು ಲಕ್ಷ ಜನ ಮನೆ ಬಿಟ್ಟು ಹೊರಟರು. ವರ್ಷಕ್ಕಾಗುವಷ್ಟು ದಿನಸಿಯಿಲ್ಲದವರನ್ನು ಪೊಲೀಸರು ಗಡಿ ದಾಟಗೊಡಲಿಲ್ಲವಾಗಿ, ಒಂದು ಟನ್ನಿನಷ್ಟು ಸಾಮಾನನ್ನು ಹೊರೆ ಹೊರೆಯಾಗಿ ಹಿಮದ ಕಣಿವೆಗಳಲ್ಲಿ ಹೊತ್ತರು. ತಲಪಿದವರು 30-40 ಸಾವಿರ. ಅಷ್ಟರಲ್ಲಿ ಒಳ್ಳೆಯ ಜಾಗಗಳೆಲ್ಲ ಪರರ ಪಾಲಾಗಿದ್ದವು. 1899ರಲ್ಲಿ ಅಲಾಸ್ಕಾದ ನೋಮ್‌ನಿಂದ ಚಿನ್ನದ ಸುದ್ದಿ ಬಂದೊಡನೆ ಸಾವಿರಾರು ಮಂದಿ ಅತ್ತ ಹೊರಟುಹೋದರು.

ಜನ ಹೋದ ಮೇಲೆ ಯಂತ್ರ ಬಂದಿತು. 1912ರಲ್ಲಿ ಕಟ್ಟಿದ ನಾಲ್ಕನೆಯ ನಂಬರಿನ ಡ್ರೆಜ್ಜರನ್ನು ಕಂಡು ಬೆರಗಾದೆವು. ಎಂಟು ಅಂತಸ್ತಿನ ಎತ್ತರ! ತಾನೇ ತೋಡಿದ ಕೊಳದಲ್ಲಿ ತೇಲುತ್ತ, ಮುಂದಿನಿಂದ ಜಲ್ಲಿಯನ್ನು ನುಂಗಿ, ಚಿನ್ನ ಉಳಿಸಿಕೊಂಡು, ಹಿಂದಿನಿಂದ ಕಲ್ಲು ಉಗುಳುತ್ತ ಅದು 1959ರವರೆಗೆ ನಡೆಯಿತು. ಆ ಕಲ್ಲುರಾಶಿಗಳು ಎರೆಹುಳುವಿನ ಹಿಕ್ಕೆಯಂತೆ ಕಣಿವೆಯುದ್ದಕ್ಕೂ ಈಗಲೂ ಬಿದ್ದಿವೆ.

ಮೀನಿನ ಜನರ ಗತಿ ಏನಾಯಿತು? ಹೊಳೆಯ ಬಾಯಲ್ಲಿದ್ದ ಅವರ ಬೀಡನ್ನು ಗಣಿಗಾರರು ಆಕ್ರಮಿಸಿದಾಗ, ಮುಖ್ಯಸ್ಥ ಐಸಾಕ್ ತನ್ನವರನ್ನು ಕರೆದುಕೊಂಡು ಕೆಲವೇ ಕಿಲೋಮೀಟರ್ ಕೆಳಗಿನ ಮೂಸ್‌ಹೈಡ್‌ಗೆ ಹೋದ. ತಮ್ಮ ಹಾಡುಗಳು ಈ ಗದ್ದಲದಲ್ಲಿ ಅಳಿದಾವೆಂದು ಅವನ್ನು ಅಲಾಸ್ಕಾದ ನೆಂಟರ ಬಳಿ ಕಾಪಾಡಲು ಒಪ್ಪಿಸಿದ. ಒಡವೆಯನ್ನು ಅಡವಿಡುವುದು ನಮಗೆ ಗೊತ್ತು. ಹಾಡನ್ನು ನೆಂಟರಲ್ಲಿ ಇರಿಸಿದ್ದನ್ನು ಕೇಳಿದ್ದು ಇದೇ ಮೊದಲು. ಆ ಹಾಡುಗಳು ಮರಳಿ ಬಂದಿವೆ. 1998ರಲ್ಲಿ ಸರಕಾರಗಳೊಡನೆ ಭೂಮಿಯ ಒಪ್ಪಂದವಾಯಿತು. 2023ರಲ್ಲಿ ಯುನೆಸ್ಕೊ ಈ ನಾಡನ್ನು ಅವರ ಹೆಸರನ್ನು ಮುಂದಿಟ್ಟು ‘ಟ್ರಾಂಡೆಕ್-ಕ್ಲಾಂಡೈಕ್’ ಎಂದು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಮೀನೇ ಈಗ ಅಪರೂಪ. ಯುಕಾನ್ ನದಿಗೆ ಬರುವ ಚಿನೂಕ್ ಸಾಲ್ಮನ್ ತೀರ ಕಡಮೆಯಾದುದರಿಂದ 2024ರಲ್ಲಿ ಕೆನಡಾ ಮತ್ತು ಅಲಾಸ್ಕಾ, ಆ ಮೀನಿನ ಒಂದು ಜೀವಚಕ್ರದ ಕಾಲ, ಅಂದರೆ ಏಳು ವರ್ಷ, ಅದನ್ನು ಹಿಡಿಯುವುದನ್ನು ನಿಲ್ಲಿಸಲು ಒಪ್ಪಿದವು. ಹೊಳೆಯಲ್ಲಿ ಚಿನ್ನ ತೊಳೆಯುವವರು ಇನ್ನೂ ಇದ್ದಾರೆ. ಸುತ್ತಿಗೆಯ ಹೆಸರು ಹೊತ್ತ ಹೊಳೆಯಲ್ಲಿ ಮೀನಿಗಾಗಿ ಕಾಯುವವರೂ ಇದ್ದಾರೆ.

ಆ ನಾಲ್ಕು ಕಿಡಿಗಳು ಪುಣೆಯ ನಮ್ಮ ಮನೆಯಲ್ಲಿ ಒಂದು ಪುಟ್ಟ ಸೀಸೆಯಲ್ಲಿವೆ. ಬಂದವರು ಅದರ ಬೆಲೆ ಕೇಳುತ್ತಾರೆ. ನಾವು ಕಾಫಿ ಕೊಟ್ಟು, ಮೀನಿನ ಕಥೆ ಹೇಳುತ್ತೇವೆ.