ಲೋಂಡಾದಲ್ಲಿ ಇಳಿದು ನೋಡಿ

ಖಂಡಾಳ ಘಟ್ಟದಲ್ಲಿ ಗಾಡಿಯನ್ನು ಹಿಂದಿನಿಂದ ತಳ್ಳುವ ಇಂಜಿನ್‌ಗಳನ್ನು ನೀವು ನೋಡಿಯೇ ಇರುತ್ತೀರಿ. ಅಷ್ಟೇ ಕಡಿದಾದ, 37 ಅಡಿಗೆ ಒಂದಡಿ ಏರುವ ಇನ್ನೊಂದು ಘಟ್ಟ ನಮ್ಮ ನಾಡಿನ ಅಂಚಿನಲ್ಲಿದೆ. ಅದರ ತಲೆಯ ಮೇಲಿನ ಊರೇ ಕ್ಯಾಸಲ್ ರಾಕ್. ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವವರು ಅದನ್ನು ನಿದ್ದೆಯಲ್ಲೇ ದಾಟಿಬಿಡುತ್ತಾರೆ. ನಾವೂ ಹಾಗೇ ಮಾಡುತ್ತಿದ್ದೆವು.

ಒಮ್ಮೆ ಲೋಂಡಾದಲ್ಲಿ ಇಳಿದು ಜೀಪು ಹಿಡಿದೆವು. ರಾಮನಗರ ದಾಟಿದ ಮೇಲೆ ಕಾಡಿನ ಕಿರುದಾರಿ. ಡೇರೆ ಹಾಕೋಣವೆಂದು ಮಗಳ ಹಟ. ಸುತ್ತ ಕಾಳಿ ಹುಲಿ ಸಂರಕ್ಷಿತ ಅರಣ್ಯ, ಇಲಾಖೆಯ ಅನುಮತಿ ಬೇಕು. ಹಳಿಯ ಮೇಲೆ ನಡೆದು ದೂಧಸಾಗರಕ್ಕೆ ಹೋಗುವ ಸಾಹಸವನ್ನಂತೂ ಮಾಡಬೇಡಿ, ಅದು ನಿಷಿದ್ಧ.

1961ರಲ್ಲಿ ಗೋವಾ ಬಿಡುಗಡೆಯಾಗುವವರೆಗೆ ಇದು ಗಡಿ ನಿಲ್ದಾಣ. ಆಚೆ ಪೋರ್ಚುಗೀಸರ ಆಳ್ವಿಕೆ. ಪ್ರಯಾಣಿಕರ ಗಂಟುಮೂಟೆಯನ್ನು ಇಲ್ಲಿ ಬಿಚ್ಚಿಸಿ ನೋಡುತ್ತಿದ್ದರು.

ಕನ್ನಡ ತರಗತಿ ಬಿಟ್ಟು ಎರಡು ವರ್ಷವಾಗಿದ್ದ ಮಗಳು ಹಳದಿ ಫಲಕದ ಮುಂದೆ ನಿಂತಳು. ದೇವನಾಗರಿಯನ್ನು ಬಿಟ್ಟು ಕನ್ನಡದ ಸಾಲಿಗೆ ಬೆರಳಿಟ್ಟಳು. ಮೊದಲ ಅಕ್ಷರದ ಒತ್ತಿನಲ್ಲೇ ತಡವರಿಸಿದಳು. ನಾನು ಹೇಳಿಕೊಡಲಿಲ್ಲ. ಗಾಡಿ ಬರಲು ಇನ್ನೂ ಬೇಕಾದಷ್ಟು ಹೊತ್ತಿತ್ತು.