ಅಳಿವೆಯಲ್ಲಿ ಒಂದು ಚಪ್ಪಾಳೆ

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ ಅಘನಾಶಿನಿ ಅಳಿವೆಗೆ ಕರೆದೊಯ್ಯುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದೆ. ಕೊಟ್ಟ ಮೇಲೆ ತಪ್ಪಿಸಿಕೊಳ್ಳಲು ನೆಪ ಹುಡುಕಿದ್ದೂ ನಿಜ. ಗಣಿತದ ಪ್ರಶ್ನೆಪತ್ರಿಕೆ ಕಷ್ಟವಿತ್ತಂತೆ. ಹಕ್ಕಿ ನೋಡಿದರೆ ಗಣಿತ ಬರುತ್ತದೆಯೇ? ಆದರೂ ಡಿಸೆಂಬರಿನ ಒಂದು ಬೆಳಿಗ್ಗೆ ಕುಮಟಾದಿಂದ ಬಸ್ಸು ಹಿಡಿದೆವು. ಅವಳ ಕೈಯಲ್ಲಿ ಒಂದು ನೋಟ್‌ಬುಕ್, ನನ್ನ ಚೀಲದಲ್ಲಿ ಗಣಿತದ ಪುಸ್ತಕ.

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಗೆ ದಾರಿಯಲ್ಲೆಲ್ಲೂ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಹೂಳನ್ನೆಲ್ಲ ಹೊತ್ತು ತಂದು ಅಳಿವೆಯಲ್ಲಿ ಸುರಿಯುತ್ತದೆ. ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ, ಕಾಂಡ್ಲಾ ಗಿಡಗಳು, ಏಡಿ, ಸಿಗಡಿ, ಬಳಚು ಎಲ್ಲವೂ ಇಲ್ಲಿವೆ. ಆರೇಳು ಸಾವಿರ ಕುಟುಂಬಗಳಿಗೆ ಇದೇ ಅನ್ನ. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಈ 4,801 ಹೆಕ್ಟೇರ್ ಅಳಿವೆ ಸೇರಿದ ಸುದ್ದಿ 2024ರ ಆರಂಭದಲ್ಲಿ ಬಂದಿತ್ತು.

ನಾವು ತಲುಪಿದಾಗ ನೀರು ಇಳಿದಿತ್ತು. ಮೈಲುದ್ದದ ಕೆಸರು. ಅಲ್ಲಲ್ಲಿ ಹೆಂಗಸರು ಬಗ್ಗಿ ಬಳಚು ಆಯುತ್ತಿದ್ದರು. ಸ್ವಲ್ಪ ದೂರದಲ್ಲಿ ನೂರಾರು ಬೂದು ಹಕ್ಕಿಗಳು. ಪುಟ್ಟವು ನಾಲ್ಕು ಹೆಜ್ಜೆ ಓಡಿ, ನಿಂತು, ಕುಕ್ಕುತ್ತಿದ್ದವು. ಬಾಗಿದ ಉದ್ದ ಕೊಕ್ಕಿನ ಒಂದೆರಡು ಮಾತ್ರ ಆಳಕ್ಕೆ ಚುಚ್ಚಿ ಹುಳು ಎಳೆಯುತ್ತಿದ್ದವು. ಮೊಬೈಲಿನಲ್ಲಿ ಎಲ್ಲವೂ ಬರೀ ಚುಕ್ಕೆಗಳು. ಹಾರಿದರೆ ಚಿತ್ರ ಚೆನ್ನಾಗಿ ಬಂದೀತೆಂದು ಜೋರಾಗಿ ಚಪ್ಪಾಳೆ ತಟ್ಟಿದೆ. ಇಡೀ ಹಿಂಡು ಎದ್ದಿತು. ಚಿತ್ರವೇನೋ ಸೊಗಸಾಗಿಯೇ ಬಂತು.

ಹತ್ತಿರವಿದ್ದ ಅಜ್ಜಿಯೊಬ್ಬಳು ಬುಟ್ಟಿ ಕೆಳಗಿಟ್ಟು ನೋಡಿದಳು. "ಉಣ್ಣೂಕೆ ಕೂತವರನ್ನ ಎಬ್ಬಿಸ್ತರೇನೋ ತಮ್ಮಾ? ನೀರು ಏರಿದ್ರೆ ಅದ್ಕೂ ಇಲ್ಲ, ನಮ್ಗೂ ಇಲ್ಲ."

ಉತ್ತರ ಹೊಳೆಯಲಿಲ್ಲ. ಮಗಳು ನನ್ನ ಕಡೆ ನೋಡದೆ ಕಟ್ಟೆಯ ಮೇಲೆ ಕುಳಿತಳು. ನಾನು ಕೇಳದಿದ್ದರೂ ಸ್ವಲ್ಪ ಹೊತ್ತಿನ ಮೇಲೆ ಹೇಳಿದಳು: ಇವುಗಳಲ್ಲಿ ಹಲವು ಹಿಮಾಲಯದಾಚೆಯಿಂದ, ಸೈಬೀರಿಯಾದಿಂದ ಬಂದವು. ಬೇಸಿಗೆಗೆ ಅಷ್ಟೇ ದೂರ ಮರಳಬೇಕು. ಅದಕ್ಕೆ ಬೇಕಾದ ಕೊಬ್ಬು ಮೈಯಲ್ಲಿ ಸೇರುವುದು ಇಂಥ ಕೆಸರಿನಿಂದ. ಕೆಸರು ತೆರೆದುಕೊಳ್ಳುವುದೋ, ನೀರು ಇಳಿದ ಕೆಲವೇ ಗಂಟೆ. ಸುಮ್ಮನೆ ಹಾರಿಸಿದರೆ ತಿಂದದ್ದೂ ಖರ್ಚು, ತಿನ್ನುವ ಹೊತ್ತೂ ಖರ್ಚು.

ಇಷ್ಟೆಲ್ಲ ಇವಳಿಗೆ ಯಾವಾಗ ತಿಳಿಯಿತು? ಓದುವ ಹೊತ್ತಿನಲ್ಲಿ ಇದನ್ನೇ ಓದುತ್ತಿದ್ದಳೋ ಏನೋ. ಗದರಿಸುವ ಧೈರ್ಯ ಅಂದು ನನಗಿರಲಿಲ್ಲ.

ನೀರು ಏರುವವರೆಗೂ ಅಲ್ಲೇ ಕುಳಿತೆವು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನಿದ್ದೆಹೋದಳು. ಮಡಿಲಲ್ಲಿದ್ದ ನೋಟ್‌ಬುಕ್ ತೆಗೆದು ನೋಡಿದೆ. ಗೆರೆ ಎಳೆದು ಅಚ್ಚುಕಟ್ಟಾಗಿ ಬರೆದಿದ್ದಳು: "10.20: ಅಪ್ಪನ ಚಪ್ಪಾಳೆ. ಎಲ್ಲ ಹಾರಿದವು. 10.45: ಹನ್ನೊಂದು ಬಂದವು. 11.10: ಅರವತ್ತರಷ್ಟು. 11.30: ನೀರು ಏರತೊಡಗಿತು."